ತಗ್ಗಿಗೆ ಇಳಿದ ಬಣ್ಣ

ಆ ಸಿಪಾಯಿಯ ಎತ್ತರ 28 ಮಿಲಿಮೀಟರ್. ಹೆಚ್ಚುಕಮ್ಮಿ ನನ್ನ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ತಲೆಗೆ ಪೇಟ, ಎದೆಗೆ ಅಡ್ಡಪಟ್ಟಿ, ಹೆಗಲ ಮೇಲೆ ಬಂದೂಕು. ಟಿಪ್ಪು ಸುಲ್ತಾನನ ಕಾಲಾಳು. ಮೇಜಿನ ಮೇಲೆ ಕಿರುಗೊಂಬೆಗಳ ಸೇನೆ ಹೂಡಿ, ಅಳತೆಪಟ್ಟಿ ಹಿಡಿದು, ದಾಳ ಉರುಳಿಸಿ ಹಳೆಯ ಯುದ್ಧಗಳನ್ನು ಮತ್ತೆ ಆಡುವ ಹವ್ಯಾಸ ಇಂಗ್ಲೆಂಡು, ಅಮೆರಿಕಗಳಲ್ಲಿ ಬಹಳ ಕಾಲದಿಂದ ಇದೆ. ಅಲ್ಲಿ ವಾಟರ್ಲೂ ಆಡುವವರು ಬೇಕಾದಷ್ಟು ಜನ. 1799ರ ಶ್ರೀರಂಗಪಟ್ಟಣವನ್ನು ಆಡುವವರೂ ಇದ್ದಾರೆ, ಅವರಿಗಾಗಿ ಮೈಸೂರು ಸೇನೆಯ ಗೊಂಬೆಗಳನ್ನು ಎರಕ ಹೊಯ್ಯುವವರೂ ಇದ್ದಾರೆ. ನಾಟಿಂಗ್‌ಹ್ಯಾಮ್‌ನಲ್ಲಿ ಕೆಲಸಕ್ಕಿದ್ದ ಗೆಳೆಯ ರಜೆಗೆ ಬಂದಾಗ ಅಂಥ ಎಂಟು ಸಿಪಾಯಿಗಳ ಪೊಟ್ಟಣವೊಂದನ್ನು ನನ್ನ ಕೈಗಿಟ್ಟ. ಗೊಂಬೆಗಳು ಬರೀ ಲೋಹದವು, ಬಣ್ಣ ನಾವೇ ಬಳಿದುಕೊಳ್ಳಬೇಕು. ಟಿಪ್ಪುವಿನ ಕಾಲಾಳುಗಳ ಅಂಗಿ ನೇರಳೆ ಬಣ್ಣದ್ದು, ಅದರ ಮೇಲೆ ಹುಲಿಯ ಮೈಪಟ್ಟೆಯನ್ನು ನೆನಪಿಸುವ ‘ಬಬ್ರಿ’ ಗುರುತುಗಳು. ಆ ಪಟ್ಟೆಗಳನ್ನು ಬರೆಯಬೇಕೆಂಬ ಆಸೆಯಿಂದಲೇ ನಾನು ಕುಂಚ ಹಿಡಿದೆ.

ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಬಣ್ಣವನ್ನು ಶೀಶೆಯಲ್ಲಿದ್ದಂತೆಯೇ ತೆಗೆದು ಬಳಿದೆ. ಒಂದು ಸಂಜೆಯ ಕೆಲಸ ಮುಗಿಯುವಷ್ಟರಲ್ಲಿ ಸಿಪಾಯಿಗೆ ಮೂಗಿರಲಿಲ್ಲ. ಗುಂಡಿಗಳು ಮುಚ್ಚಿಹೋಗಿದ್ದವು. ಬೆರಳುಗಳು ಒಂದಕ್ಕೊಂದು ಅಂಟಿ ಕೈ ಮುಷ್ಟಿಯಂತಾಗಿತ್ತು, ಪಟ್ಟೆಗಳು ಕಲಸಿಹೋಗಿದ್ದವು. ನನ್ನ ಕೈ ನಡುಗುತ್ತದೆ, ಅದಕ್ಕೇ ಹೀಗಾಯಿತು ಎಂದುಕೊಂಡೆ. ಹೊಸದಾಗಿ ಈ ಕೆಲಸಕ್ಕೆ ಕೈಹಾಕಿದ ಪ್ರತಿಯೊಬ್ಬರೂ ಹೀಗೇ ಅಂದುಕೊಳ್ಳುತ್ತಾರೆ ಎಂದು ಆಮೇಲೆ ತಿಳಿಯಿತು. ಕೈಬಿಟ್ಟು ಹೋಗುವವರಲ್ಲಿ ಬಹುತೇಕರು ಹೋಗುವುದು ಈ ಜಾಗದಲ್ಲಿಯೇ.

ಕೊರೊನಾ ಕಾಲದಲ್ಲಿ ತಂದು ಉಳಿದಿದ್ದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಸಿಪಾಯಿಯನ್ನು ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಬಣ್ಣ ತೊಗಟೆಯಂತೆ ಕಳಚಿ ಬಂತು. ಒಳಗೆ ಮೂಗು ಇತ್ತು. ಗುಂಡಿಗಳಿದ್ದವು. ಪೇಟದ ಒಂದೊಂದು ಸುತ್ತೂ ಇತ್ತು. ಗೊಂಬೆ ಕೆತ್ತಿದ ಕಲಾವಿದ ಮಾಡಬೇಕಾದುದನ್ನೆಲ್ಲ ಆಗಲೇ ಮಾಡಿ ಮುಗಿಸಿದ್ದ. ನಾನು ಅದನ್ನು ಹೂತುಹಾಕಿದ್ದೆ. ಗುಂಡಿಯೊಂದರ ಉಬ್ಬು ಮಿಲಿಮೀಟರಿನ ಕೆಲವು ಹತ್ತನೇ ಭಾಗಗಳಷ್ಟೇ. ಅದರ ಮೇಲೆ ಗಟ್ಟಿ ಬಣ್ಣ ಎರಡು ಸಲ ಬಿದ್ದರೆ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಇದರಲ್ಲಿ ಕೈ ನಡುಕದ ತಪ್ಪೇನೂ ಇರಲಿಲ್ಲ.

ಹಾಗಾದರೆ ಈ ಹವ್ಯಾಸಿಗಳು ಗೊಂಬೆಗೆ ಬಣ್ಣ ಬಳಿಯುವುದನ್ನು ಹೇಗೆ ಕಲಿತರು ಎಂದು ಹುಡುಕಿಕೊಂಡು ಹೋದೆ. ಸಿಕ್ಕ ಕತೆಗೆ ಒಬ್ಬ ನಾಯಕನಿಲ್ಲ, ಒಂದು ಪ್ರಯೋಗಾಲಯವಿಲ್ಲ. ಆದರೂ ಅದು ಆವಿಷ್ಕಾರದ ಕತೆಯೇ.

ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯುವ ವಿಧಾನ ಕಂಡುಕೊಂಡಿತು. ಲೋಹ ಕಡಿಮೆ, ಬೆಲೆಯೂ ಕಡಿಮೆ. ಇಂಥ ಆಟಿಕೆಗಳನ್ನು ಇಟ್ಟುಕೊಂಡೇ ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಮನೆಯ ನೆಲದ ಮೇಲೆ ಆಡುವ ಯುದ್ಧದಾಟಕ್ಕೆ ನಿಯಮ ಬರೆದ. ಆ ಸಿಪಾಯಿಗಳ ಬಣ್ಣ ಮಿರಮಿರ ಹೊಳೆಯುವಂಥದು. ಕೆಂಪು ಅಂಗಿ ಎಂದರೆ ಒಂದೇ ಕೆಂಪು, ಕರಿ ಬೂಟು ಎಂದರೆ ಒಂದೇ ಕಪ್ಪು. ನೆರಳು ಎಂಬುದೇ ಇಲ್ಲ.

ಆದರೆ ಅದಕ್ಕೂ ಬಹಳ ಮೊದಲೇ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನೆರಳು ಬಳಿಯುವವರಿದ್ದರು. ಅಲ್ಲಿ ಅರ್ನ್ಸ್ಟ್ ಹೈನ್ರಿಕ್ಸನ್ 1839ರಲ್ಲಿ ಶುರುಮಾಡಿದ ಕಾರ್ಖಾನೆ ತವರದ ಚಪ್ಪಟೆ ಗೊಂಬೆಗಳಿಗೆ ಹೆಸರಾಗಿತ್ತು. ಆ ಗೊಂಬೆಗಳು ನಾಣ್ಯದಷ್ಟು ತೆಳುವು, ಮೇಲೆ ಸಣ್ಣಗೆ ಕೊರೆದ ಗೆರೆಗಳು. ಚಪ್ಪಟೆ ಲೋಹದಲ್ಲಿ ಮೈಯುಬ್ಬು ಕಾಣಿಸಬೇಕೆಂದರೆ ಮಡಿಕೆಗೆ ಕಡುಬಣ್ಣ, ಮಂಡಿಗೆ ತಿಳಿಬಣ್ಣ ಬಳಿಯಲೇಬೇಕು. ಚಿತ್ರಕಾರ ಕಾಗದದ ಮೇಲೆ ಮಾಡುವ ಕೆಲಸವೇ ಅದು. ದುಂಡು ಗೊಂಬೆಯವರಿಗೆ ಆ ಕಷ್ಟ ಬೇಡವೆನಿಸಿತು ಎಂದು ಕಾಣುತ್ತದೆ. ಗೊಂಬೆಗೇ ಮೈಯಿದೆ, ಬೆಳಕು ಬಿದ್ದರೆ ನೆರಳು ತಾನಾಗಿ ಬೀಳುತ್ತದಲ್ಲ! ತರ್ಕ ನೇರವಾಗಿದೆ. ಮೇಜಿನ ಮೇಲೆ ಮಾತ್ರ ಅದು ನಿಲ್ಲುವುದಿಲ್ಲ.

ಏಕೆ ನಿಲ್ಲುವುದಿಲ್ಲ ಎಂದು ನಾನು ಲೆಕ್ಕ ಹಾಕಿ ನೋಡಿದೆ. 28 ಮಿಲಿಮೀಟರಿನ ಗೊಂಬೆ ಐದೂವರೆ ಅಡಿಯ ಮನುಷ್ಯನ ಅರವತ್ತನೇ ಒಂದು ಭಾಗ. ಅದನ್ನು ತೋಳಿನಳತೆಯಲ್ಲಿ, ಅಂದರೆ 70 ಸೆಂಟಿಮೀಟರ್ ದೂರದಲ್ಲಿ ಇಟ್ಟು ನೋಡುವುದೆಂದರೆ ನಿಜವಾದ ಸಿಪಾಯಿಯನ್ನು ಸುಮಾರು 42 ಮೀಟರ್ ದೂರದಿಂದ ನೋಡಿದ ಹಾಗೆ. ಅಷ್ಟು ದೂರದಲ್ಲಿ ಅಂಗಿಯ ಮಡಿಕೆ ಯಾರಿಗೆ ಕಂಡೀತು? ಆರೋಗ್ಯವಂತ ಕಣ್ಣು ತೋಳಿನಳತೆಯಲ್ಲಿ ಬಿಡಿಸಿ ನೋಡಬಲ್ಲ ಅತಿ ಸಣ್ಣ ಅಂತರ ಸುಮಾರು 0.2 ಮಿಲಿಮೀಟರ್. ಗೊಂಬೆಯ ಮಡಿಕೆಯಲ್ಲಿ ಬೀಳುವ ನಿಜವಾದ ನೆರಳೂ ಹೆಚ್ಚುಕಡಿಮೆ ಅಷ್ಟೇ. ಅದು ಕಣ್ಣಿನ ಅಂಚಿನಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಬೆಳಕು ಕೊಡಲಾರದ ನೆರಳನ್ನು ಬಣ್ಣ ಕೊಡಬೇಕು. ಅದೂ ಇದ್ದುದಕ್ಕಿಂತ ಹೆಚ್ಚಾಗಿ, ನಾಟಕದ ಮುಖವರ್ಣಿಕೆಯ ಹಾಗೆ.

ಇದೇ ಮಾತನ್ನು ತಲೆಕೆಳಗು ಮಾಡಿ ಹೇಳಿದವನು ಅಮೆರಿಕದ ಚಿತ್ರಕಾರ ಅಬಟ್ ಥೇಯರ್. ಜಿಂಕೆ, ಮೊಲ, ಹಕ್ಕಿ, ಮೀನುಗಳಿಗೆ ಬೆನ್ನು ಕಪ್ಪು, ಹೊಟ್ಟೆ ಬಿಳುಪು ಏಕೆ ಎಂದು ಯೋಚಿಸಿ ಅವನು 1896ರಲ್ಲಿ ‘ದಿ ಆಕ್’ ಎಂಬ ಪಕ್ಷಿಶಾಸ್ತ್ರ ಪತ್ರಿಕೆಯಲ್ಲಿ ಬರೆದ. ಮೇಲಿನಿಂದ ಬರುವ ಬಿಸಿಲು ಬೆನ್ನನ್ನು ಬೆಳಗುತ್ತದೆ, ಹೊಟ್ಟೆಯನ್ನು ನೆರಳಿಗೆ ತಳ್ಳುತ್ತದೆ. ಪ್ರಾಣಿಯ ಬಣ್ಣ ಅದಕ್ಕೆ ಸರಿಯಾಗಿ ಎದುರಾಗಿರುವುದರಿಂದ ಎರಡೂ ಒಂದನ್ನೊಂದು ಅಳಿಸಿ, ದುಂಡಗಿನ ಮೈ ಚಪ್ಪಟೆಯಾಗಿ ಕಂಡು ಹಿನ್ನೆಲೆಯಲ್ಲಿ ಮಾಯವಾಗುತ್ತದೆ. ನೆಲದಿಂದ ಸ್ವಲ್ಪ ಮೇಲೆ ತಂತಿಗೆ ಸಿಕ್ಕಿಸಿದ ಗೆಣಸುಗಳಿಗೆ ಹೀಗೆ ಬಣ್ಣ ಬಳಿದು ಅವನು ಪಕ್ಷಿತಜ್ಞರಿಗೆ ಇದನ್ನು ತೋರಿಸಿಕೊಟ್ಟ. ಥೇಯರ್ ಕಂಡುಕೊಂಡದ್ದನ್ನು ತಿರುಗಿಸಿ ಹಾಕಿದರೆ ಕಿರುಗೊಂಬೆಯ ಬಣ್ಣಗಾರಿಕೆ ಸಿಗುತ್ತದೆ: ಮೇಲೆ ತಿಳಿ, ಕೆಳಗೆ ಕಡು. ಇಂದು ಹವ್ಯಾಸಿಗಳು ಕಪ್ಪು ಪ್ರೈಮರ್ (ತಳಲೇಪ) ಹೊಡೆದ ಗೊಂಬೆಗೆ ನೆತ್ತಿಯ ನೇರದಿಂದ ಬಿಳಿ ಬಣ್ಣ ಸಿಂಪಡಿಸುತ್ತಾರಲ್ಲ, ‘ಜೆನಿತಲ್’ ಎನ್ನುತ್ತಾರೆ ಅದಕ್ಕೆ. ಥೇಯರನ ಜಿಂಕೆಯನ್ನು ಅಂಗಾತ ಮಲಗಿಸಿದ ಹಾಗೆ ಅದು.

ನೆರಳು ಬೇಕೆಂದು ತಿಳಿದರೆ ಸಾಕೆ? ಅಂಗೈಗೆ ಹತ್ತು ಕೂರುವ ಗೊಂಬೆಗಳಲ್ಲಿ ಒಂದೊಂದು ಮಡಿಕೆಗೂ ನೆರಳು ಬರೆಯಲು ನುರಿತ ಕೈ ಬೇಕು, ಒಂದು ಸೇನೆಗೆ ನೂರಾರು ಗೊಂಬೆ ಬೇಕು. ಈ ಬಿಕ್ಕಟ್ಟಿಗೆ ದಾರಿ ಸಿಕ್ಕಿದ್ದು ಬಣ್ಣದ ರಸಾಯನದಿಂದ. ಮೊದಲೆಲ್ಲ ಎನಾಮೆಲ್ ಬಣ್ಣ. ಒಂದು ಪದರ ಒಣಗಲು ಗಂಟೆಗಟ್ಟಲೆ ಕಾಯಬೇಕಿತ್ತು. ಅಮೆರಿಕದ ರೋಮ್ ಅಂಡ್ ಹಾಸ್ ಕಂಪನಿ 1953ರಲ್ಲಿ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಅಂಟನ್ನು ತಂದಿತು, 1955ರಲ್ಲಿ ಸಿನ್ಸಿನಾಟಿಯ ಹೆನ್ರಿ ಲೆವಿಸನ್ ‘ಲಿಕ್ವಿಟೆಕ್ಸ್’ ಎಂಬ ಹೆಸರಿನಲ್ಲಿ ಚಿತ್ರಕಾರರಿಗೆ ಬಣ್ಣ ಮಾಡಿದ. ನೀರು ಬೆರೆಸಬಹುದು, ಕೆಲವು ನಿಮಿಷಗಳಲ್ಲಿ ಒಣಗುತ್ತದೆ, ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಒಂದೇ ಸಂಜೆ ಪದರದ ಮೇಲೆ ಪದರ ಹಾಕಬಹುದೆಂದಾಯಿತು. ಅಲ್ಲಿಂದ ಮುಂದಿನದು ಇಂಗ್ಲೆಂಡಿನ ನಡುನಾಡಿನ ಕತೆ. 1979ರಲ್ಲಿ ನೆವಾರ್ಕ್ ಪಟ್ಟಣದಲ್ಲಿ ಸಿಟಡೆಲ್ ಮಿನಿಯೇಚರ್ಸ್ ಹುಟ್ಟಿತು, 1983ರಲ್ಲಿ ‘ವಾರ್‌ಹ್ಯಾಮರ್’ ಆಟ ಬಂತು. ‘ವೈಟ್ ಡ್ವಾರ್ಫ್’ ಮಾಸಪತ್ರಿಕೆಯ ಬಣ್ಣದ ಪುಟಗಳಲ್ಲಿ ನುರಿತವರ ಗೊಂಬೆಗಳನ್ನು ಕಂಡು ಒಂದಿಡೀ ಪೀಳಿಗೆ ಕುಂಚ ಹಿಡಿಯಿತು.

ಆ ವರ್ಷಗಳಲ್ಲಿ ಸಾವಿರಾರು ಅಡುಗೆಮನೆ ಮೇಜುಗಳಿಗೆ ತಲುಪಿದ ಎರಡು ಉಪಾಯಗಳೇ ನನ್ನ ದೃಷ್ಟಿಯಲ್ಲಿ ಈ ಕತೆಯ ತಿರುಳು. ಒಂದು ವಾಶ್: ಕಡುಬಣ್ಣವನ್ನೋ ಶಾಯಿಯನ್ನೋ ನೀರಾಗಿಸಿ ಗೊಂಬೆಯ ಮೈತುಂಬ ಹಚ್ಚಿಬಿಡುವುದು. ನೀರು ತಗ್ಗಿಗೆ ಹರಿಯುತ್ತದೆ, ಹರಿಯುವಾಗ ಬಣ್ಣವನ್ನೂ ಒಯ್ಯುತ್ತದೆ. ಇನ್ನೊಂದು ಡ್ರೈ ಬ್ರಷ್: ಕುಂಚವನ್ನು ತಿಳಿಬಣ್ಣಕ್ಕೆ ಅದ್ದಿ, ಹೆಚ್ಚುಕಡಿಮೆ ಎಲ್ಲವನ್ನೂ ಬಟ್ಟೆಗೆ ಒರೆಸಿ, ಉಳಿದ ಪುಡಿಯಂಥ ಬಣ್ಣವನ್ನು ಮೇಲಿಂದ ಮೇಲೆ ಸವರುವುದು. ಅದು ಉಬ್ಬಿದ ಅಂಚುಗಳಿಗೆ ಮಾತ್ರ ತಾಗುತ್ತದೆ. ಎರಡರ ಹಿಂದಿರುವ ಅರಿವು ಒಂದೇ. ಗೊಂಬೆಯ ಉಬ್ಬುತಗ್ಗೇ ತನ್ನ ನೆರಳುಬೆಳಕನ್ನು ಬಳಿದುಕೊಳ್ಳಬಲ್ಲದು. ಬಣ್ಣ ಎಷ್ಟು ತೆಳುವಿರಬೇಕು, ಎಷ್ಟು ಒಣಗಿರಬೇಕು ಎಂಬುದಷ್ಟೇ ಮನುಷ್ಯ ನೋಡಿಕೊಳ್ಳಬೇಕಾದ್ದು. ಕಲಿಯುವವನ ಗಮನ ಬೆರಳಿನಿಂದ ನೀರಿನ ಹದಕ್ಕೆ ಸರಿದದ್ದು ಇಲ್ಲಿ. ಅಡುಗೆಯಲ್ಲಿ ಕೈರುಚಿಗಿಂತ ಮೊದಲು ಹದ ಕಲಿಯುವ ಹಾಗೆ.

ನನ್ನ ಎರಡನೆಯ ಸಿಪಾಯಿಗೆ ವಾಶ್ ಹಾಕಿದೆ. ಪೇಟದ ಸುತ್ತುಗಳ ನಡುವೆ ಕಂದು ಇಳಿದು ಸುತ್ತುಗಳು ಬಿಡಿಬಿಡಿಯಾಗಿ ಎದ್ದು ಬಂದಾಗ ಎದೆ ಝಲ್ಲೆಂದಿತು. ನನ್ನ ಕೈಯಿಂದ ಇದು ಆಯಿತೆ ಎಂದು ದೀಪದ ಕೆಳಗೆ ತಿರುತಿರುಗಿಸಿ ನೋಡಿದೆ. ಬೆಳಿಗ್ಗೆ ಒಣಗಿದ ಮೇಲೆ ಅಮ್ಮ ಕನ್ನಡಕ ಏರಿಸಿ ನೋಡಿದಳು.

“ಬೆನ್ನ ಮೇಲೆ ಏನೋ ಇದು, ಕಾಫಿ ಲೋಟ ಇಟ್ಟ ಗುರುತಿನ ಹಾಗಿದೆ?”

ಹೌದು. ಬೆನ್ನಿನ ಸಮತಟ್ಟು ಜಾಗದಲ್ಲಿ, ಹೆಗಲಿನ ಮೇಲೆ, ಎಲ್ಲೆಲ್ಲಿ ವಾಶ್ ಕೊಳದಂತೆ ನಿಂತಿತ್ತೋ ಅಲ್ಲೆಲ್ಲ ಅಂಚಿಗೆ ಕಡು ಗೆರೆ, ನಡುವೆ ಬೋಳು. ಅಮ್ಮ ಅಂದದ್ದು ಅಕ್ಷರಶಃ ನಿಜವೆಂದು ಆಮೇಲೆ ಗೊತ್ತಾಯಿತು. ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್, ಸಿಡ್ನಿ ನೇಗಲ್, ಥಾಮಸ್ ವಿಟನ್ ಮತ್ತವರ ಸಂಗಡಿಗರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಿಡಿಸಿದ ಒಗಟು ಇದೇ. ಚೆಲ್ಲಿದ ಕಾಫಿ ಒಣಗಿದಾಗ ಕಲೆಯ ಅಂಚೇ ಏಕೆ ಕಪ್ಪಾಗುತ್ತದೆ? ಹನಿಯ ಅಂಚು ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಒಳಕ್ಕೆ ಸರಿಯಲಾರದು. ಅಂಚಿನಲ್ಲಿ ಆವಿ ಸುಲಭವಾಗಿ ತಪ್ಪಿಸಿಕೊಳ್ಳುವುದರಿಂದ ಅಲ್ಲಿ ನೀರು ಆರುವುದು ಬೇಗ. ಹೋದ ನೀರನ್ನು ತುಂಬಲು ನಡುವಿನ ನೀರು ಅಂಚಿನತ್ತ ಹರಿಯುತ್ತದೆ, ಕಾಫಿಯ ಕಣಗಳನ್ನು ಹೊತ್ತುಕೊಂಡು. ಕೊನೆಗೆ ಕಣಗಳೆಲ್ಲ ಗಡಿಯಲ್ಲಿ ಜಮಾಯಿಸುತ್ತವೆ. ದಿನಾ ಕಾಣುವ ಕಲೆಯೊಂದಕ್ಕೆ ಇಷ್ಟು ತಡವಾಗಿ ಪೂರ್ತಿ ಉತ್ತರ ಸಿಕ್ಕಿತೆಂಬುದು ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ. 2011ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಗುಂಡಗಿನ ಕಣಗಳನ್ನು ಎಳೆದು ಮೊಟ್ಟೆಯಾಕಾರ ಮಾಡಿದರೆ ಅವು ನೀರಿನ ಮೇಲ್ಮೈಯಲ್ಲೇ ಒಂದಕ್ಕೊಂದು ಸಿಕ್ಕಿಕೊಂಡು ಉಂಗುರ ಮೂಡುವುದಿಲ್ಲ ಎಂದು ತೋರಿಸಿದರು.

ಅಂಗಡಿಯ ಬಣ್ಣದ ಕಣಗಳನ್ನು ಎಳೆದು ಉದ್ದ ಮಾಡುವುದು ನಮ್ಮಿಂದಾಗದು. ಆದರೆ ಕಾರಣ ತಿಳಿದ ಮೇಲೆ ಹವ್ಯಾಸಿಗಳು ಹೇಳುವ ಮದ್ದುಗಳೆಲ್ಲ ಅರ್ಥವಾದವು. ಬರೀ ನೀರಿಗೆ ಬದಲು ಅಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣವಿಲ್ಲದ ಅಕ್ರಿಲಿಕ್ ಅಂಟು, ಬೆರೆಸಿ. ಅಂಟು ಹೆಚ್ಚಿದಷ್ಟೂ ಕಣಗಳ ಓಡಾಟ ಕಡಿಮೆ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಕಡ್ಡಿಯ ತುದಿಯಷ್ಟು ಸೇರಿಸಿ. ಮೇಲ್ಮೈ ಎಳೆತ ಇಳಿದು ಬಣ್ಣ ಕೊಳ ಕಟ್ಟದೆ ಸಂದಿಗೆ ಜಾರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಚ್ಚಿ ಸುಮ್ಮನೆ ಕೂರಬೇಡಿ. ತೇವ ಮಾಡಿ ಹಿಂಡಿದ ಖಾಲಿ ಕುಂಚವನ್ನು ಕೊಳಕ್ಕೆ ಮುಟ್ಟಿಸಿದರೆ ಅದು ಹೆಚ್ಚಾದುದನ್ನು ಹೀರಿಕೊಳ್ಳುತ್ತದೆ. ಜಲವರ್ಣ ಚಿತ್ರಕಾರರ ಹಳೆಯ ಅಭ್ಯಾಸ ಇದು. ಮೂರನೆಯ ಸಿಪಾಯಿಯ ಬೆನ್ನಿನಲ್ಲಿ ಲೋಟದ ಗುರುತು ಇರಲಿಲ್ಲ.

ಈ ನಡುವೆ ಅಮೆರಿಕದ ಯುದ್ಧದಾಟಗಾರರು ಇನ್ನೂ ಮುಂದೆ ಹೋಗಿದ್ದರು. ಕುಂಚವೇ ಬೇಡ ಎಂದರು. ಮನೆಯ ಮರದ ಸಾಮಾನಿಗೆ ಬಳಿಯಲು ‘ಮಿನ್‌ವ್ಯಾಕ್ಸ್ ಪಾಲಿಶೇಡ್ಸ್’ ಎಂಬ ಕಂದು ವಾರ್ನಿಷ್ ಅಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಅಂಗಿಗೆ ಒಂದು ಬಣ್ಣ, ಪೇಟಕ್ಕೆ ಒಂದು ಬಣ್ಣ, ಹೀಗೆ ಬರೀ ತಳಬಣ್ಣ ಹಚ್ಚಿದ ಗೊಂಬೆಯನ್ನು ಇಕ್ಕಳದಲ್ಲಿ ಹಿಡಿದು ಆ ಡಬ್ಬಿಯಲ್ಲಿ ಪೂರ್ತಿ ಮುಳುಗಿಸುವುದು. ಹಿತ್ತಲಿಗೆ ಒಯ್ದು ಕೈ ಬೀಸಿ ಝಾಡಿಸುವುದು. ಮೈಮೇಲಿನ ವಾರ್ನಿಷ್ ಹಾರಿಹೋಗಿ ಮಡಿಕೆಗಳಲ್ಲಿ, ಕಣ್ಣಿನ ಗುಳಿಯಲ್ಲಿ, ಬೆರಳುಗಳ ಸಂದಿಯಲ್ಲಿ ಮಾತ್ರ ಉಳಿಯುತ್ತದೆ. ಒಣಗಿದಾಗ ನೆರಳೂ ಆಯಿತು, ಆಡುವವರ ಕೈ ತಾಗಿ ಬಣ್ಣ ಕಿತ್ತುಹೋಗದ ಕವಚವೂ ಆಯಿತು. ಹೊಳಪು ತಗ್ಗಿಸಲು ಮೇಲೊಂದು ಮ್ಯಾಟ್ ಸ್ಪ್ರೇ. ಇದನ್ನು ಮೊದಲು ಮಾಡಿದವನ ಹೆಸರು ನನಗೆ ಎಲ್ಲೂ ಸಿಗಲಿಲ್ಲ. ಇಂಥ ಉಪಾಯಗಳು ಕೈಯಿಂದ ಕೈಗೆ ದಾಟುತ್ತವೆ. ನುರಿತವರಲ್ಲಿ ಕೆಲವರು ಇದನ್ನು ಕಳ್ಳದಾರಿ ಎಂದರು. ನನಗೆ ಹಾಗನಿಸುವುದಿಲ್ಲ. ವಾಶ್‌ನೊಳಗಿದ್ದ ತತ್ವವನ್ನು ಅದರ ಕೊನೆಯ ತುದಿಗೆ ಒಯ್ದವರು ಅವರು. ಡೆನ್ಮಾರ್ಕಿನ ಆರ್ಮಿ ಪೇಂಟರ್ ಕಂಪನಿ ಅದೇ ಬಗೆಯ ಕಂದು ದ್ರವವನ್ನು ‘ಕ್ವಿಕ್‌ಶೇಡ್’ ಎಂದು ಡಬ್ಬಿಯಲ್ಲಿ ತುಂಬಿ ಮಾರತೊಡಗಿತು.

2019ರಲ್ಲಿ ‘ವಾರ್‌ಹ್ಯಾಮರ್’ ಆಟದ ಕಂಪನಿ ಗೇಮ್ಸ್ ವರ್ಕ್‌ಶಾಪ್ ತಂದ ‘ಕಾಂಟ್ರಾಸ್ಟ್’ ಬಣ್ಣಗಳು ತಳಬಣ್ಣ, ನೆರಳು ಎರಡನ್ನೂ ಒಂದೇ ಶೀಶೆಗೆ ಇಳಿಸಿದವು. ಅದರಲ್ಲಿ ಬಣ್ಣದ ಪಾರದರ್ಶಕ ಅಂಶ ಇದೆ, ಜೊತೆಗೆ ಧಾರಾಳ ಮೀಡಿಯಂ. ತಿಳಿ ಪ್ರೈಮರಿನ ಮೇಲೆ ಹಚ್ಚಿದರೆ ಉಬ್ಬಿನ ಮೇಲೆ ಪದರ ತೆಳುವಾಗಿ ತಳದ ಬಿಳುಪು ಇಣುಕುತ್ತದೆ, ತಗ್ಗಿನಲ್ಲಿ ಪದರ ದಪ್ಪವಾಗಿ ಬೆಳಕನ್ನು ಹೆಚ್ಚು ನುಂಗುತ್ತದೆ. ಒಂದೇ ಬಣ್ಣ, ಎರಡು ಛಾಯೆ. ತಿಳಿ ಚಹಾ ಬಿಳಿ ಪಿಂಗಾಣಿ ಬಟ್ಟಲಿನ ಅಂಚಿನಲ್ಲಿ ಹೊಂಬಣ್ಣವಾಗಿ, ತಳದಲ್ಲಿ ಕೆಂಪಾಗಿ ಕಾಣುವುದೂ ಇದೇ ಕಾರಣಕ್ಕೆ. ಮುಂದೆ ಯಾರೋ ಕಪ್ಪು ಗೊಂಬೆಗೆ ಮೊದಲು ಬೂದು, ಆಮೇಲೆ ಬಿಳಿ ಡ್ರೈ ಬ್ರಷ್ ಸವರಿ, ಅದರ ಮೇಲೆ ಈ ಪಾರದರ್ಶಕ ಬಣ್ಣ ಹಾಕಿದರು; ‘ಸ್ಲ್ಯಾಪ್‌ಚಾಪ್’ ಎಂದು ಹೆಸರಾಯಿತು. ಯುರೋಪಿನ ಎಣ್ಣೆಬಣ್ಣದ ಚಿತ್ರಕಾರರು ಶತಮಾನಗಳ ಹಿಂದೆ ಬೂದುಬಣ್ಣದಲ್ಲಿ ಚಿತ್ರ ಮುಗಿಸಿ ಮೇಲೆ ತೆಳುಬಣ್ಣ ಹಾಯಿಸುತ್ತಿದ್ದ ಕ್ರಮಕ್ಕೆ ಆಟಗಾರರು ಇನ್ನೊಂದು ದಾರಿಯಿಂದ ಬಂದು ಮುಟ್ಟಿದ್ದರು.

ಉಳಿದ ಸಿಪಾಯಿಗಳೂ ಹೀಗೆ ನೆರಳುಬೆಳಕು ಪಡೆದರು. ಬಣ್ಣದ ಹದವೂ ಕೈಗೆ ಬಂತು. ಇಂಗ್ಲೆಂಡಿನ ಡಂಕನ್ ರೋಡ್ಸ್ ಎಂಬ ಬಣ್ಣಗಾರ ತನ್ನ ವೀಡಿಯೊ ಪಾಠಗಳಲ್ಲಿ ಸಾರಿ ಸಾರಿ ಹೇಳಿದ ‘ಎರಡು ತೆಳು ಲೇಪ’ ಎಂಬ ಮಾತು ಈ ಹವ್ಯಾಸದಲ್ಲಿ ಗಾದೆಯಂತಾಗಿದೆ. ತೆಳು ಎಂದರೆ ಎಷ್ಟು ತೆಳು ಎಂದು ನನಗೆ ಕಲಿಸಿದ್ದು ಒದ್ದೆ ಪ್ಯಾಲೆಟ್. ಮುಚ್ಚಳದ ಊಟದ ಡಬ್ಬಿಯಲ್ಲಿ ನೆನೆದ ಸ್ಪಂಜು, ಅದರ ಮೇಲೆ ಬೇಕರಿಯವರು ಬಳಸುವ ಬೆಣ್ಣೆಕಾಗದ, ಕಾಗದದ ಮೇಲೆ ಬಣ್ಣ. ಕೆಳಗಿನಿಂದ ತೇವ ಏರುತ್ತಿರುವುದರಿಂದ ಏಪ್ರಿಲ್ ಬಿಸಿಲಿನ ಮಧ್ಯಾಹ್ನದಲ್ಲೂ ಬಣ್ಣ ಗಂಟೆಗಟ್ಟಲೆ ಹಸಿಯಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಬಣ್ಣ ಒಣಗುತ್ತದೆಂಬ ಧಾವಂತದಲ್ಲಿ ನಾನು ಕುಂಚಕ್ಕೆ ಹೆಚ್ಚು ತುಂಬಿಕೊಳ್ಳುತ್ತಿದ್ದೆ.

ಉಳಿದದ್ದು ಬಬ್ರಿ ಪಟ್ಟೆ. ಇಲ್ಲಿ ಮಾತ್ರ ಮೇಲಿನ ಯಾವ ಉಪಾಯವೂ ನಡೆಯಲಿಲ್ಲ. ಅಂಗಿಯ ಮೇಲಿನ ಪಟ್ಟೆಗೆ ಉಬ್ಬಿಲ್ಲ, ತಗ್ಗಿಲ್ಲ. ನೀರು ಹರಿಯಲು ಜಾಗವಿಲ್ಲ, ಡ್ರೈ ಬ್ರಷ್ಷಿಗೆ ಅಂಚಿಲ್ಲ. ಬರೆಯಬೇಕಾದದ್ದು ಕೈಯೇ. ಕೈ ನಡುಕದ ಪ್ರಶ್ನೆ ಕೊನೆಗೂ ಎದುರಾಯಿತು. ಎಲ್ಲ ಮನುಷ್ಯರ ಕೈಯೂ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಸಣ್ಣಗೆ ಅದುರುತ್ತದೆ, ಅದನ್ನು ನಿಲ್ಲಿಸಲಾಗದು. ಆದರೆ ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ಒತ್ತಿ, ಮೊಣಕೈಗಳನ್ನು ಮೇಜಿಗೆ ಊರಿದರೆ ಗೊಂಬೆ ಮತ್ತು ಕುಂಚ ಒಟ್ಟಿಗೆ ಅದುರುತ್ತವೆ, ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ. ಔಷಧಿ ಶೀಶೆಯ ಮುಚ್ಚಳಕ್ಕೆ ಸಿಪಾಯಿಯನ್ನು ಅಂಟಿಸಿ ಹಿಡಿದುಕೊಂಡೆ.

ಕುಂಚವನ್ನೂ ಬದಲಿಸಿದೆ. ಸಣ್ಣ ಗೆರೆಗೆ ಅತಿ ಸಣ್ಣ ಕುಂಚ ಬೇಕೆಂದು ನಾಲ್ಕೈದು ಕೂದಲಿನದನ್ನು ಕೊಂಡಿದ್ದೆ. ಅದರ ಬಣ್ಣ ಗೊಂಬೆಗೆ ತಾಗುವ ಮೊದಲೇ ಒಣಗುತ್ತಿತ್ತು. ಬೇಕಾದದ್ದು ಬಣ್ಣ ಹಿಡಿದಿಡುವ ತುಂಬಿದ ಹೊಟ್ಟೆ ಮತ್ತು ಒಂದೇ ಕೂದಲಾಗಿ ಮುಗಿಯುವ ಮೊನೆ. ವಿಕ್ಟೋರಿಯಾ ರಾಣಿಗಾಗಿ 1866ರಲ್ಲಿ ವಿನ್ಸರ್ ಅಂಡ್ ನ್ಯೂಟನ್ ಮಾಡಿಕೊಟ್ಟ ‘ಸೀರೀಸ್ 7’ ಕುಂಚವನ್ನೇ ಇಂದಿಗೂ ಅನೇಕ ಗೊಂಬೆ ಬಣ್ಣಗಾರರು ಬಯಸುತ್ತಾರೆ. ಅದಕ್ಕೆ ಬಳಸುವುದು ಸೈಬೀರಿಯಾದ ಮುಂಗುಸಿಯಂಥ ಪ್ರಾಣಿಯೊಂದರ ಬಾಲದ ಕೂದಲು. ನಮ್ಮ ಮೈಸೂರು ಶೈಲಿಯ ಚಿತ್ರಕಾರರು ಅಳಿಲಿನ ಕೂದಲಿನ ಕುಂಚ ಕಟ್ಟುತ್ತಿದ್ದರು, ಅತಿ ಸೂಕ್ಷ್ಮ ಗೆರೆಗೆ ಒಂದು ಜಾತಿಯ ಹುಲ್ಲಿನ ಚೂಪು ಎಸಳನ್ನೇ ಬಳಸುತ್ತಿದ್ದರು. ಹಿತ್ತಲಲ್ಲಿ ಸಿಕ್ಕ ಹುಲ್ಲುಗಳಲ್ಲಿ ನಾಲ್ಕಾರು ಬಗೆಯನ್ನು ನಾನೂ ಪ್ರಯತ್ನಿಸಿದೆ. ಯಾವುದೂ ಕೂಡಿಬರಲಿಲ್ಲ; ಆ ಹುಲ್ಲು ನನಗಿನ್ನೂ ಸಿಕ್ಕಿಲ್ಲ.

ಕುಂಚದಲ್ಲೇ ಬರೆದೆ. ಹಾಲಿನಷ್ಟು ತೆಳುವಾದ ಬಿಳಿ, ಅದಕ್ಕೆ ಬೂದುಬಣ್ಣದ ಒಂದು ಹನಿ. ಮೊನೆಯನ್ನು ಅಂಗಿಗೆ ತಾಗಿಸಿ, ಒತ್ತಿ, ಎಳೆದು, ಎತ್ತಿದರೆ ನಡುವೆ ದಪ್ಪ, ಎರಡು ತುದಿಗೆ ಚೂಪಾದ ಗುರುತು ಮೂಡುತ್ತದೆ. ಒಂದು ಪಟ್ಟೆಗೆ ಒಂದು ಉಸಿರು. ಏಳು ಜನರ ಅಂಗಿ ಮುಗಿಯಲು ಹದಿನೇಳು ಸಂಜೆ ಹಿಡಿಯಿತು. ಮೂಗು ಕಳೆದುಕೊಂಡು ಮರಳಿ ಪಡೆದ ಮೊದಲ ಸಿಪಾಯಿಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅವನ ಎದೆಯ ಪಟ್ಟೆಗಳು ನಿನ್ನೆ ಮುಗಿದವು. ಎಡತೋಳು ಬಾಕಿ ಇದೆ.